ಹಾಜರಿ ಪುಸ್ತಕದಿಂದ ಹೊಡೆದುಹಾಕಿದ ಹೆಸರುಗಳು

(ತಾಲ್ಲೂಕು ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಬೆಳಗಿನಿಂದ ಬಗರ್‌ಹುಕುಂ ಅರ್ಜಿಗಳ ವಿಷಯ ಮಾತಾಡಿದೆವು, ಅಡಿಕೆ ಧಾರಣೆಯ ವಿಷಯ ಮಾತಾಡಿದೆವು, ಕೂಲಿಯ ವಿಷಯದಲ್ಲಿ ಸಾಕಷ್ಟು ಬಿಸಿಬಿಸಿ ಚರ್ಚೆಯೂ ಆಯಿತು. ಈಗ ಊಟವಾಗಿದೆ, ಕಣ್ಣು ಎಳೆಯುವ ಹೊತ್ತು. ಆದುದರಿಂದ ಶಾಲೆಯ ವಿಷಯಕ್ಕೆ ಸರದಿ ಬಂದಿದೆ. ನಮ್ಮ ಶಿಬಿರಗಳಲ್ಲಿ ಶಾಲೆಗೆ ಯಾವಾಗಲೂ ಸಿಗುವುದು ಈ ಹೊತ್ತೇ. ಮೇಷ್ಟರಾಗಿದ್ದಾಗ ಮಧ್ಯಾಹ್ನದ ಮೊದಲನೇ ಪಿರಿಯಡ್ಡಿನಲ್ಲಿ ತೂಕಡಿಸುವ ಮಕ್ಕಳನ್ನು ಎಬ್ಬಿಸಿ ಅಭ್ಯಾಸವಿರುವುದರಿಂದ ನನಗೆ ತೊಂದರೆಯೇನಿಲ್ಲ. ತೂಕಡಿಸುವವರು ಹಿಂದಿನ ಸಾಲಿನಲ್ಲಿ ಕೂತಿದ್ದೀರಿ ಎಂಬುದೂ ನನಗೆ ಕಾಣುತ್ತಿದೆ. ಹಿಂದಿನ ಸಾಲಿನ ವಿಷಯವೇ ಇವತ್ತು ನಾನು ಹೇಳಬೇಕಾದದ್ದು.

ಕಾರ್ಯಕ್ರಮದ ಹಾಳೆಯಲ್ಲಿ ನನ್ನ ವಿಷಯವನ್ನು "ಶಾಲೆ ಬಿಟ್ಟ ಮಕ್ಕಳು ಮತ್ತು ವಿಕಲಚೇತನ ಮಕ್ಕಳ ಶಿಕ್ಷಣ" ಎಂದು ಅಚ್ಚು ಹಾಕಿಸಿದ್ದಾರೆ. ಇವೆರಡು ಬೇರೆ ಬೇರೆ ಸಮಸ್ಯೆ ಎಂದು ತಿಳಿದು ನಡುವೆ ಒಂದು "ಮತ್ತು" ಸೇರಿಸಿದ್ದಾರೆ. ಸರ್ಕಾರವೂ ಹಾಗೆಯೇ ತಿಳಿದಿದೆ; ಒಂದಕ್ಕೊಂದು ಕಡತ, ಇನ್ನೊಂದಕ್ಕೆ ಬೇರೊಂದು ಕಡತ. ಇವು ಬಹುಮಟ್ಟಿಗೆ ಒಂದೇ ಸಮಸ್ಯೆ ಎಂಬುದು ನನ್ನ ವಾದ. ಯಾವ ಮಗುವಿಗೆ ಕಾಣುವುದಿಲ್ಲವೋ, ಕೇಳುವುದಿಲ್ಲವೋ, ಅಕ್ಷರ ಹಿಡಿತಕ್ಕೆ ಸಿಕ್ಕುವುದಿಲ್ಲವೋ, ಅದನ್ನು ಯಾರೂ ಪರೀಕ್ಷಿಸಲಿಲ್ಲವೋ, ಆ ಮಗುವೇ ನಾಲ್ಕು ವರ್ಷ ಕಳೆದ ಮೇಲೆ "ಶಾಲೆ ಬಿಟ್ಟ ಮಗು" ಎಂಬ ಹೆಸರು ಪಡೆದು ನಮ್ಮ ಮುಂದೆ ಬರುತ್ತದೆ.

ಇದನ್ನು ನಾನು ಪುಸ್ತಕ ಓದಿ ಕಲಿತವನಲ್ಲ. ನನ್ನ ಓದು ಮೆಟ್ರಿಕ್‌ಗೆ ಮುಗಿಯಿತು, ಮನಶ್ಶಾಸ್ತ್ರ ನನಗೆ ಗೊತ್ತಿಲ್ಲ. ಒಬ್ಬ ಹುಡುಗನಿಗೆ ಅನ್ಯಾಯ ಮಾಡಿ ಇದನ್ನು ಕಲಿತೆ. ಆ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ.

ಹಳ್ಳಿಯ ಒಂದು ಸಣ್ಣ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲ. ನಾಲ್ಕನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ವಯಸ್ಸಿಗೆ ಮೀರಿದ ಎತ್ತರ. ಮುಂದೆ ಕೂತರೆ ಹಿಂದಿನವರಿಗೆ ಮರೆಯಾಗುತ್ತದೆ ಎಂದು ನಾನೇ ಅವನನ್ನು ಕೊನೆಯ ಸಾಲಿಗೆ ಕಳಿಸಿದ್ದೆ. ಪಕ್ಕದ ಹುಡುಗನ ಪುಸ್ತಕ ನೋಡಿ ಬರೆಯುತ್ತಿದ್ದ. ಕದಿಯುತ್ತಾನೆ ಎಂದು ತಿಳಿದು ಪಕ್ಕದವನನ್ನು ಎಬ್ಬಿಸಿ ಬೇರೆ ಕಡೆ ಕೂರಿಸಿದೆ. ಅಂದಿನಿಂದ ಅವನು ಬರೆಯುವುದನ್ನೇ ನಿಲ್ಲಿಸಿದ. ಬೋರ್ಡಿನ ಮೇಲೆ ಬರೆದ ಲೆಕ್ಕವನ್ನು ಓದು ಎಂದರೆ ಸುಮ್ಮನೆ ನಿಲ್ಲುತ್ತಿದ್ದ. ಬಾಯಲ್ಲಿ ಕೇಳಿದ ಲೆಕ್ಕವನ್ನು ಮಾತ್ರ ಎಲ್ಲರಿಗಿಂತ ಮೊದಲು ಹೇಳುತ್ತಿದ್ದ. ಇದರಿಂದ ನನಗೆ ಬುದ್ಧಿ ಬರಬೇಕಾಗಿತ್ತು, ಬರಲಿಲ್ಲ. "ಬೇಕೆಂತಲೇ ಮಾಡ್ತಾನೆ, ಸೊಕ್ಕು" ಅಂದುಕೊಂಡೆ. ಕಿವಿ ಹಿಂಡಿದೆ. ಅವನ ತಂದೆಯನ್ನು ಕರೆಸಿ, ಇವನ ತಲೆಗೆ ಹತ್ತುವುದಿಲ್ಲ ಎಂದು ಮಕ್ಕಳ ಮುಂದೆಯೇ ಹೇಳಿದೆ.

ಐದನೇ ತರಗತಿಯಲ್ಲಿ ಅವನು ವಾರಕ್ಕೆ ಮೂರು ದಿನ ಬಂದ. ಅಡಿಕೆ ಸುಲಿತದ ಕಾಲಕ್ಕೆ ಬರುವುದು ನಿಂತೇಹೋಯಿತು. ಕೆಲವು ವಾರ ಕಾದು, ಮನೆಗೊಮ್ಮೆ ಹೋದೆ. ತಂದೆ ಚಾಪೆ ಹಾಸಿ ಕೂರಿಸಿ, ಬೆಲ್ಲ ನೀರು ಕೊಟ್ಟು, ಬಹಳ ಮರ್ಯಾದೆಯಿಂದ ಹೇಳಿದ: "ಎಂಥ ಮಾಡೂದು ಮೇಷ್ಟ್ರೇ, ಅವನ ತಲೆಗೆ ಹತ್ತಲ್ಲ. ನೀವೇ ಹೇಳಿದ್ರಲ್ಲ." ನನ್ನ ತೀರ್ಪನ್ನೇ ನನಗೆ ತಿರುಗಿ ಒಪ್ಪಿಸಿದ. ನಾನು ಎದ್ದು ಬಂದು, ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದು, ಕಾರಣದ ಅಂಕಣದಲ್ಲಿ "ಪೋಷಕರ ಅನಾಸಕ್ತಿ" ಎಂದು ಬರೆದೆ.

ಎರಡು ವರ್ಷವಾದ ಮೇಲೆ, ಆಗ ನಾನು ಶಾಲೆ ಬಿಟ್ಟು ಪಕ್ಷದ ಕೆಲಸಕ್ಕೆ ಬಂದಿದ್ದೆ, ನಮ್ಮ ಕಡೆ ಒಂದು ಕಣ್ಣಿನ ತಪಾಸಣೆಯ ಶಿಬಿರ ನಡೆಯಿತು. ಮುದುಕರಿಗೆ ಪೊರೆ ತೆಗೆಸುವ ಶಿಬಿರ. ಆ ಹುಡುಗ ತನ್ನ ಅಜ್ಜಿಯ ಕೈಹಿಡಿದು ಕರೆತಂದಿದ್ದ. ಅಜ್ಜಿಯದು ಮುಗಿದ ಮೇಲೆ ವೈದ್ಯರು, ಇವನು ಕಣ್ಣು ಕಿರಿದುಮಾಡಿ ನೋಡುವುದನ್ನು ಕಂಡು, ಬಾ ಇಲ್ಲಿ ಎಂದು ಕೂರಿಸಿ ಗಾಜು ಬದಲಿಸಿ ಬದಲಿಸಿ ಹಾಕಿದರು. ಮೈನಸ್ ಐದು. ಆ ತೂಕದ ಚೌಕಟ್ಟನ್ನು ಮೂಗಿನ ಮೇಲೆ ಹಿಡಿದುಕೊಂಡೇ ಅವನು ಬಾಗಿಲಿಗೆ ಬಂದು, ರಸ್ತೆಯಾಚೆ ನಿಂತಿದ್ದ ಬಸ್ಸಿನ ಬೋರ್ಡನ್ನು ಒಂದೊಂದೇ ಅಕ್ಷರವಾಗಿ ಓದಿದ. ಓದಲು ಬರುತ್ತಿತ್ತು! ಆಮೇಲೆ ನನ್ನ ಕಡೆ ತಿರುಗಿ, "ಮೇಷ್ಟ್ರೇ, ಶಾಲೆ ಬೋರ್ಡು ಉಳಿದವರಿಗೆಲ್ಲ ಹೀಗೇ ಕಾಣ್ತಿತ್ತಾ?" ಎಂದು ಕೇಳಿದ.

ಹುಟ್ಟಿದಾಗಿನಿಂದ ಮಬ್ಬಾಗಿ ಕಂಡವನಿಗೆ ಲೋಕವೇ ಮಬ್ಬು. ನನಗೆ ಕಾಣುವುದಿಲ್ಲ ಎಂದು ಅವನು ಹೇಗೆ ಹೇಳಿಯಾನು? ಕಾಣುವುದು ಎಂದರೇನೆಂದು ಅವನಿಗೆ ಗೊತ್ತೇ ಇಲ್ಲ. ಹೇಳಬೇಕಾದವನು ನಾನು. ಬೋರ್ಡಿನ ಪಕ್ಕ ನಿಂತವನು ನಾನು.

ಕನ್ನಡಕ ಬಂತು, ನಾಲ್ಕೈದು ದಿನದ ಕೂಲಿಯಷ್ಟು ಬೆಲೆ. ಶಾಲೆ ಮಾತ್ರ ತಿರುಗಿ ಬರಲಿಲ್ಲ. 2009ರ ಶಿಕ್ಷಣ ಹಕ್ಕು ಕಾನೂನಿನ 4ನೇ ಕಲಮಿನ ಪ್ರಕಾರ ಅವನನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು. ನಾನೇ ಓಡಾಡಿ ಏಳನೇ ತರಗತಿಗೆ ಸೇರಿಸಿದೆ. ಹತ್ತು ದಿನ ಹೋದ. ಅಷ್ಟು ಹೊತ್ತಿಗೆ ಕೈಯಲ್ಲಿ ದುಡಿಮೆಯ ಹಣ ಕಂಡಿದ್ದ, ಕೂಡ ಓದಿದವರು ಮುಂದೆ ಹೋಗಿದ್ದರು, ತರಬೇತಿ ಕೊಡಬೇಕಾದವರು ಯಾರೆಂದು ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಿಟ್ಟ.

ಈಗ ಹೇಳಿ, ಶಾಲೆಯನ್ನು ಬಿಟ್ಟದ್ದು ಹುಡುಗನೋ, ಹುಡುಗನನ್ನು ಬಿಟ್ಟದ್ದು ಶಾಲೆಯೋ? ನಮ್ಮ ಮಾತೇ ಸರಿಯಿಲ್ಲ. "ಶಾಲೆ ಬಿಟ್ಟ ಮಗು" ಎಂದಾಗ ಬಿಡುವ ಕೆಲಸವನ್ನು ಹತ್ತು ವರ್ಷದ ಮಗುವಿನ ತಲೆಗೆ ಕಟ್ಟುತ್ತೇವೆ.

ಕಾಗೋಡಿನ ಹೋರಾಟದ ಹೆಸರನ್ನು ನಾವು ಪ್ರತಿ ಸಭೆಯಲ್ಲೂ ತೆಗೆಯುತ್ತೇವೆ. 1951ರಲ್ಲಿ ಅಲ್ಲಿನ ಗೇಣಿದಾರರು ಎದ್ದುನಿಂತದ್ದು ಯಾವ ಮಾತಿಗೆ? ಕೊಳಗದ ಮಾತಿಗೆ. ಗೇಣಿ ಭತ್ತವನ್ನು ಅಳೆಯಲು ಒಡೆಯರು ರೂಢಿಗಿಂತ ದೊಡ್ಡ ಕೊಳಗ ಇಟ್ಟುಕೊಂಡಿದ್ದರು. ರೈತ ಎಷ್ಟು ಅಳೆದರೂ ಬಾಕಿ ಉಳಿಯುತ್ತಿತ್ತು. ಆ ಹೋರಾಟದಲ್ಲಿ ಡಾ. ಲೋಹಿಯಾ ಅವರೂ ಬಂಧನಕ್ಕೊಳಗಾದರು. ರೈತ ಸೋಮಾರಿಯಾದುದರಿಂದ ಬಾಕಿ ಉಳಿಯಿತು ಎಂದು ಒಡೆಯರು ಹೇಳುತ್ತಿದ್ದರು. ಕೊಳಗ ತಪ್ಪು ಎಂದು ಹೇಳಲು ಒಂದು ಚಳವಳಿಯೇ ಬೇಕಾಯಿತು. ಶಾಲೆಯಲ್ಲಿಯೂ ಒಂದು ಕೊಳಗವಿದೆ. ಬೋರ್ಡನ್ನು ದೂರದಿಂದ ನೋಡಬಲ್ಲ, ಪಿಸುಮಾತನ್ನೂ ಕೇಳಬಲ್ಲ, ಮನೆಯಲ್ಲಿ ಪಾಠ ಹೇಳಿಕೊಡುವ ತಾಯಿಯಿರುವ, ಹಬ್ಬಕ್ಕೂ ಸುಗ್ಗಿಗೂ ತಪ್ಪಿಸಿಕೊಳ್ಳದ ಮಗುವಿನ ಅಳತೆಗೆ ಮಾಡಿದ ಕೊಳಗ ಅದು. ಅದರಲ್ಲಿ ಅಳೆದು, ಬಾಕಿ ಬಿದ್ದ ಮಕ್ಕಳನ್ನು ದಡ್ಡರೆಂದು ಕರೆಯುತ್ತೇವೆ.

ಬಾಕಿ ಎಷ್ಟಿದೆ ನೋಡಿ. ನಮ್ಮ ಸಂವಿಧಾನದ 45ನೇ ವಿಧಿ, ಜಾರಿಗೆ ಬಂದ ಹತ್ತು ವರ್ಷದೊಳಗಾಗಿ 14 ವರ್ಷದವರೆಗಿನ ಎಲ್ಲಾ ಮಕ್ಕಳಿಗೆ ಉಚಿತ ಕಡ್ಡಾಯ ಶಿಕ್ಷಣ ಕೊಡಲು ಪ್ರಯತ್ನಿಸಬೇಕೆಂದು ಹೇಳಿತ್ತು. ಅಂದರೆ 1960ಕ್ಕೆ. ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿ ಸಂವಿಧಾನ ತಿದ್ದಿದ್ದು 2002ರಲ್ಲಿ, ಕಾನೂನು ಮಾಡಿದ್ದು 2009ರಲ್ಲಿ, ಅದು ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಐವತ್ತು ವರ್ಷ ತಡ. ಕೊಠಾರಿ ಆಯೋಗ 1966ರಲ್ಲಿ ಹೇಳಿದ್ದನ್ನು, ಅಂದರೆ ರಾಷ್ಟ್ರದ ಆದಾಯದ ಶೇಕಡ 6ರಷ್ಟನ್ನು ಶಿಕ್ಷಣಕ್ಕೆ ಹಾಕಬೇಕು, ಬಡವ ಬಲ್ಲಿದರ ಮಕ್ಕಳು ನೆರೆಯ ಒಂದೇ ಶಾಲೆಯಲ್ಲಿ ಓದಬೇಕು ಎಂಬುದನ್ನು, ಯಾವ ಸರ್ಕಾರವೂ ನಡೆಸಿಕೊಡಲಿಲ್ಲ.

ವಿಕಲಚೇತನ ಮಕ್ಕಳ ಲೆಕ್ಕ 2011ರ ಜನಗಣತಿಯಲ್ಲಿದೆ. ದೇಶದಲ್ಲಿ 5ರಿಂದ 19 ವರ್ಷದ ಅಂತಹ ಮಕ್ಕಳಲ್ಲಿ ನೂರಕ್ಕೆ ಸುಮಾರು 61 ಮಂದಿ ಓದುತ್ತಿದ್ದರು. 12 ಮಂದಿ ಶಾಲೆಗೆ ಹೋಗಿ ಬಿಟ್ಟವರು. 27 ಮಂದಿ ಶಾಲೆಯ ಮೆಟ್ಟಿಲನ್ನೇ ಹತ್ತದವರು. ಈ ಕೊನೆಯ ಅಂಕಿಯನ್ನು ಸ್ವಲ್ಪ ಗಮನಿಸಿ. ಹಾಜರಿ ಪುಸ್ತಕದಲ್ಲಿ ಎಂದೂ ಹೆಸರೇ ಇಲ್ಲದ ಮಗುವನ್ನು ಯಾವ ಮೇಷ್ಟರೂ ಹುಡುಕಿಕೊಂಡು ಹೋಗುವುದಿಲ್ಲ, ಯಾವ ಅಧಿಕಾರಿಯೂ ಗೈರುಹಾಜರಿಯ ಕಾರಣ ಕೇಳುವುದಿಲ್ಲ. ಇನ್ನು ನನ್ನ ಆ ಹುಡುಗ? ಅವನು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಕನ್ನಡಕದಿಂದ ಸರಿಹೋಗುವ ಕಣ್ಣನ್ನು ಅಂಗವೈಕಲ್ಯವೆಂದು ಯಾರೂ ಬರೆದುಕೊಳ್ಳುವುದಿಲ್ಲ. ಆದರೆ ಕನ್ನಡಕ ಸಿಗಲಿಲ್ಲವಲ್ಲ!

ಇಲ್ಲಿ ಒಬ್ಬ ಸಂಗಾತಿ ಬೆಳಗ್ಗೆ ಚಹಾ ಕುಡಿಯುವಾಗ ನನಗೆ ಹೇಳಿದರು: "ಇದೆಲ್ಲ ಸರಿ, ಆದರೆ ಮೂಲ ಬಡತನ. ಬಡತನ ಹೋದರೆ ಮಕ್ಕಳು ತಾವಾಗಿಯೇ ಶಾಲೆಗೆ ಹೋಗುತ್ತಾರೆ." ಅರ್ಧ ಒಪ್ಪುತ್ತೇನೆ. ಬಡತನ ಸುಳ್ಳಲ್ಲ. ಅಡಿಕೆ ಸುಲಿತ ಶುರುವಾದರೆ ರಾತ್ರಿಯೆಲ್ಲ ಮೆಟ್ಟುಗತ್ತಿಯ ಮುಂದೆ ಕೂತ ಮಗು ಬೆಳಗ್ಗೆ ಎಂಥ ಮಗ್ಗಿ ಹೇಳೀತು? ತಾಂಡಾಗಳಿಂದ ಕಾಫಿ ತೋಟಕ್ಕೋ ಕಬ್ಬು ಕಡಿಯಲಿಕ್ಕೋ ಹೋಗುವ ಕುಟುಂಬ ಮಗುವನ್ನು ಯಾರ ಕೈಯಲ್ಲಿ ಬಿಟ್ಟು ಹೋಗಬೇಕು? ಶರಾವತಿಯ ಮುಳುಗಡೆಯಿಂದ ಎದ್ದು ಹೋಗಿ ಕಾಡಿನ ಅಂಚಿನಲ್ಲಿ ನೆಲೆಯಾದವರ ಮೊಮ್ಮಕ್ಕಳು ಮಳೆಗಾಲದಲ್ಲಿ ಕಾಲುಸಂಕ ದಾಟಿ ಬರಬೇಕು. ಹಳ್ಳ ತುಂಬಿದರೆ ಶಾಲೆಯಿಲ್ಲ. ಹೊಟ್ಟೆಗೆ ಹಾಕಿದರೆ ಮಕ್ಕಳು ಬರುತ್ತಾರೆ ಎಂಬುದನ್ನು ಮದರಾಸಿನಲ್ಲಿ ಕಾಮರಾಜರು 1950ರ ದಶಕದಲ್ಲೇ ತೋರಿಸಿಕೊಟ್ಟರು. ಅವರು ಕಾಂಗ್ರೆಸ್ಸಿನವರು, ಆದರೂ ಒಳ್ಳೆಯ ಕೆಲಸವನ್ನು ಒಳ್ಳೆಯದೆಂದು ಹೇಳಬೇಕು. ನಮ್ಮಲ್ಲಿ ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ ಬೇಯಿಸಿದ ಊಟ ಕೊಡಿ ಎಂದು ಆಜ್ಞೆ ಮಾಡಿದ ಮೇಲೆ 2002ರಲ್ಲಿ ಅಕ್ಷರ ದಾಸೋಹ ಶುರುವಾಯಿತು, 2013ರಲ್ಲಿ ಹಾಲು ಬಂತು, ಆಮೇಲೆ ಮೊಟ್ಟೆಯೂ ಬಂತು. ಮೊಟ್ಟೆಯ ವಿಷಯದಲ್ಲಿ ಎಷ್ಟು ಮಠ, ಎಷ್ಟು ಗದ್ದಲ, ನಿಮಗೆ ನೆನಪಿದೆ. ಮಕ್ಕಳು ಮಾತ್ರ ಕೈಚಾಚಿ ತಿಂದರು.

ಆದರೆ ಬಡತನವೇ ಎಲ್ಲಕ್ಕೂ ಉತ್ತರವಾದರೆ, ಒಂದೇ ಮನೆಯಲ್ಲಿ, ಒಂದೇ ಗಂಜಿ ಕುಡಿದ ಮೂವರು ಮಕ್ಕಳಲ್ಲಿ ಇಬ್ಬರು ಎಸ್.ಎಸ್.ಎಲ್.ಸಿ. ತಲುಪಿ, ನಡುವಿನವನು ಐದನೇ ತರಗತಿಗೆ ಬಿಡುವುದು ಏಕೆ? ನಾನು ಈ ಪ್ರಶ್ನೆ ಹಿಡಿದು ಮನೆಮನೆ ತಿರುಗಿದ್ದೇನೆ. ನಡುವಿನವನನ್ನು ಕರೆದು ಬೆನ್ನ ಹಿಂದಿನಿಂದ ಮೆಲ್ಲಗೆ ಹೆಸರು ಕೂಗಿ ನೋಡಿ. ತಿರುಗುವುದಿಲ್ಲ. ಚಿಕ್ಕಂದಿನಿಂದ ಕಿವಿ ಸೋರುತ್ತದೆ; ಎಣ್ಣೆ ಬಿಟ್ಟಿದ್ದಾರೆ, ಹತ್ತಿ ತುರುಕಿದ್ದಾರೆ, ವೈದ್ಯರ ಹತ್ತಿರ ಹೋಗಿಲ್ಲ. ಬಡತನ ಮೂವರಿಗೂ ಸಮನಾಗಿತ್ತು. ಅದರ ಪೆಟ್ಟು ಬಿದ್ದದ್ದು ಎಲ್ಲಿ ಮೊದಲೇ ಬಿರುಕಿತ್ತೋ ಅಲ್ಲಿ. ಶ್ರೀಮಂತರ ಮನೆಯ ಮಗುವಿಗೂ ಕಿವಿ ಸೋರುತ್ತದೆ. ಆದರೆ ಅದು ಶಾಲೆ ಬಿಡುವುದಿಲ್ಲ, ಊರಿನ ದೊಡ್ಡ ಆಸ್ಪತ್ರೆಗೆ ಹೋಗುತ್ತದೆ.

ಇನ್ನೊಂದು ಮನೆಯ ಮಾತು. ಏಳನೇ ತರಗತಿಗೆ ಬಿಟ್ಟ ಹುಡುಗಿ. ಪುಸ್ತಕದಲ್ಲಿ ಅದೇ ಕಾರಣ, ಪೋಷಕರ ಅನಾಸಕ್ತಿ. ಹೋಗಿ ನೋಡಿದರೆ ಒಳಗೆ ಅವಳ ತಮ್ಮ ಮಲಗಿದ್ದಾನೆ, ಹುಟ್ಟಿನಿಂದ ಕೈಕಾಲು ಸ್ವಾಧೀನವಿಲ್ಲ, ಮಾತು ತೊದಲು. ತಾಯಿ ಕೂಲಿಗೆ ಹೋಗದಿದ್ದರೆ ಒಲೆ ಉರಿಯುವುದಿಲ್ಲ. ಅವನಿಗೆ ಉಣ್ಣಿಸಿ ತೊಳೆಯುವವರು ಯಾರು? ಅಕ್ಕ. ತಮ್ಮನಿಗೆ ಶಾಲೆಯಿಲ್ಲ, ಆದುದರಿಂದ ಅಕ್ಕನಿಗೂ ಇಲ್ಲ. ಅವನನ್ನು ಶಾಲೆಗೆ ಕರೆತರಲು ಒಬ್ಬರಿದ್ದಿದ್ದರೆ, ಅಲ್ಲಿ ನೋಡಿಕೊಳ್ಳಲು ಒಬ್ಬ ಆಯಾ ಇದ್ದಿದ್ದರೆ, ಇಬ್ಬರೂ ಓದುತ್ತಿದ್ದರು. ನಮ್ಮ ಬಾಲಿಕಾ ಶಿಕ್ಷಣದ ಭಾಷಣಗಳಲ್ಲಿ ಈ ಅಕ್ಕನ ಸುದ್ದಿ ನಾನು ಕೇಳಿಲ್ಲ.

ಮೂರನೆಯದು ಕಣ್ಣಿಗೂ ಕಾಣದ, ಕಿವಿಗೂ ಸಿಗದ ತೊಡಕು. ಒಬ್ಬ ಹುಡುಗನ ಕಣ್ಣು ಸರಿ, ಕಿವಿ ಸರಿ, ಬುದ್ಧಿ ಬಹಳ ಚುರುಕು. ರಾತ್ರಿ ಯಕ್ಷಗಾನದ ಆಟ ನೋಡಿ ಬಂದರೆ ಮಾರನೇ ದಿನ ಅರ್ಥ ಸಮೇತ ಒಪ್ಪಿಸುತ್ತಿದ್ದ. ಆದರೆ ಪ, ವ, ಮ ಮೂರೂ ಅವನ ಕಣ್ಣ ಮುಂದೆ ಕುಣಿಯುತ್ತಿದ್ದವು. ದಕ್ಕೆ ಧ, ಬಕ್ಕೆ ಭ. ಒತ್ತಕ್ಷರ ಬಂದರೆ ಮುಗಿಯಿತು. ಇದಕ್ಕೆ ಡಿಸ್ಲೆಕ್ಸಿಯಾ ಎಂದು ಹೆಸರಿದೆಯಂತೆ. ಕಲಿಕೆಯ ನ್ಯೂನತೆ ಎಂದು ಕನ್ನಡದಲ್ಲಿ ಬರೆಯುತ್ತಾರೆ. ಇದು ದಡ್ಡತನವಲ್ಲ, ಸೋಮಾರಿತನವೂ ಅಲ್ಲ. ನಿಧಾನವಾಗಿ, ಧ್ವನಿಗೂ ಅಕ್ಷರಕ್ಕೂ ಗಂಟು ಹಾಕುತ್ತಾ, ಮರಳಿನ ಮೇಲೆ ಬೆರಳಲ್ಲಿ ಬರೆಸುತ್ತಾ ಕಲಿಸಿದರೆ ಕಲಿಯುತ್ತಾರೆ. ನಮ್ಮ ಅಜ್ಜಂದಿರು ಮರಳಿನ ಮೇಲೆಯೇ ಅಕ್ಷರ ತಿದ್ದಿದವರು. ಹೊಸ ವಿದ್ಯೆಯೇನೂ ಅಲ್ಲ.

ಕಾನೂನು ಇಲ್ಲವೇ ಎಂದು ಕೇಳಿದರೆ, ಇದೆ. ಧಾರಾಳವಾಗಿಯೇ ಇದೆ. 1995ರ ಕಾನೂನಿನಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು. 2016ರ ವಿಕಲಚೇತನರ ಹಕ್ಕುಗಳ ಕಾನೂನಿನಲ್ಲಿ 21 ಆದವು, ಕಲಿಕೆಯ ನ್ಯೂನತೆಯೂ ಸೇರಿತು. ಶಾಲೆಯ ಮಕ್ಕಳ ಸಮೀಕ್ಷೆಯನ್ನು ಐದು ವರ್ಷಕ್ಕೊಮ್ಮೆ ಮಾಡಿ ಇಂತಹ ಮಕ್ಕಳನ್ನು ಗುರುತಿಸಬೇಕು, ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡಬೇಕು, ಬರೆಯುವವರನ್ನು ಕೊಡಬೇಕು, ಬೇಕಾದಲ್ಲಿ ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ ಕೊಡಬೇಕು ಎಂದೆಲ್ಲ ಅದರ 17ನೇ ಕಲಮಿನಲ್ಲಿದೆ. ಕಲಿಕೆಯ ನ್ಯೂನತೆಯನ್ನು ಮೂರನೇ ತರಗತಿಯಲ್ಲಿ, ಇಲ್ಲವೇ ಎಂಟನೇ ವಯಸ್ಸಿಗೆ, ಉಪಾಧ್ಯಾಯರೇ ಮೊದಲು ಗುರುತಿಸಬೇಕೆಂದು 2018ರ ಕೇಂದ್ರದ ಮಾರ್ಗಸೂಚಿ ಹೇಳಿತು. 2013ರಲ್ಲಿ ಶುರುವಾದ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೊಮ್ಮೆ ಪ್ರತಿ ಸರ್ಕಾರಿ ಶಾಲೆಗೆ ಬರಬೇಕು. ಬರುತ್ತದೆಯೂ ಹೌದು. ಬಂದ ದಿನ ಯಾವ ಮಗು ಗೈರುಹಾಜರು? ಕಣ್ಣು ಕಾಣದ, ಕಿವಿ ಕೇಳದ, ವಾರಕ್ಕೆ ಮೂರು ದಿನ ಬರುವ ಅದೇ ಮಗು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಾನೂನಿನ ಲಾಭ ಪಡೆಯಲು ಪ್ರಮಾಣಪತ್ರ ಬೇಕು, ಪ್ರಮಾಣಪತ್ರದಲ್ಲಿ ಶೇಕಡ 40 ಬೇಕು. ಅದಕ್ಕೆ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಮಗುವನ್ನು ಹೊತ್ತು, ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ ಹೋದ ತಾಯಿಗೆ "ಆ ಡಾಕ್ಟರು ಮುಂದಿನ ವಾರ" ಎಂದರೆ ಅವಳು ಮೂರನೇ ಸಲ ಹೋಗುವುದಿಲ್ಲ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆ ಇಂತಹ ಒಂದು ಮಗುವಿಗೆ ವರ್ಷಕ್ಕೆ 3,500 ರೂಪಾಯಿಯ ಲೆಕ್ಕ ಇಟ್ಟಿತು. ಹೆಣ್ಣುಮಗುವಿಗೆ ತಿಂಗಳಿಗೆ 200ರಂತೆ ಹತ್ತು ತಿಂಗಳು ಶಿಷ್ಯವೇತನ. ಹಿಂದಿನ ಸಾಲಿನಲ್ಲಿ ಯಾರೋ ನಗುತ್ತಿದ್ದೀರಿ. ನಗಬೇಡಿ, ಆ 200 ಎಷ್ಟು ಮನೆಗಳಿಗೆ ತಲುಪಿದೆ ಎಂದು ನಿಮ್ಮ ಊರಿನಲ್ಲಿ ಮೊದಲು ವಿಚಾರಿಸಿ.

ಎಲ್ಲಕ್ಕಿಂತ ಮುಖ್ಯ ಕೊರತೆ ಮನುಷ್ಯರದು. ಈ ಮಕ್ಕಳಿಗೆ ಕಲಿಸಲು ತರಬೇತಾದ ವಿಶೇಷ ಉಪಾಧ್ಯಾಯರು ಬೇಕು. ನಮ್ಮ ರಾಜ್ಯದಲ್ಲಿ ಬ್ಲಾಕಿಗೆ ಕೆಲವರು ಸಂಪನ್ಮೂಲ ಶಿಕ್ಷಕರಿದ್ದಾರೆ. ಕಾಡುಮೇಡು ಹತ್ತಿಳಿದು ನಿಜಕ್ಕೂ ದುಡಿಯುವವರನ್ನು ನಾನು ಬಲ್ಲೆ. ಆದರೆ ಒಬ್ಬರ ಪಾಲಿಗೆ ಎಷ್ಟು ಶಾಲೆ! ಸುಪ್ರೀಂ ಕೋರ್ಟು 2021ರ ಅಕ್ಟೋಬರಿನಲ್ಲಿ, ಪ್ರಾಥಮಿಕ ತರಗತಿಗಳಲ್ಲಿ ಇಂತಹ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಉಪಾಧ್ಯಾಯರಿರಬೇಕೆಂದು ಹೇಳಿತು. ರಾಜ್ಯಗಳು ಮಿಸುಕಲಿಲ್ಲ. 2025ರ ಮಾರ್ಚಿನಲ್ಲಿ ಅದೇ ಕೋರ್ಟು, ಹುದ್ದೆಗಳನ್ನು ಮಂಜೂರು ಮಾಡಿ ಪ್ರಕಟಿಸಿ ಎಂದು ಮತ್ತೆ ಆಜ್ಞೆ ಮಾಡಬೇಕಾಯಿತು. ಆಜ್ಞೆ ನಮ್ಮ ತಾಲ್ಲೂಕಿನಲ್ಲಿ ಎಷ್ಟು ಹುದ್ದೆಯಾಗಿದೆ? ಈ ಪ್ರಶ್ನೆಯನ್ನು ಬಿ.ಇ.ಒ. ಕಚೇರಿಯಲ್ಲಿ ಕೇಳಿದ ಪಕ್ಷ ಒಂದೂ ಇಲ್ಲ, ನಮ್ಮದನ್ನೂ ಸೇರಿಸಿ.

ಇಂತಹ ಮಕ್ಕಳಿಗೆ ಬೇರೆ ಶಾಲೆ ಒಳ್ಳೆಯದೋ, ಎಲ್ಲರ ಜೊತೆ ಒಳ್ಳೆಯದೋ ಎಂದು ಆಗಾಗ ಕೇಳುತ್ತಾರೆ. ನನಗೆ ಇದರಲ್ಲಿ ಹಟವಿಲ್ಲ. ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಆರಂಭವಾದದ್ದು 1901ರಲ್ಲಿ. ಹಳ್ಳಿಯಲ್ಲಿ ಯಾರೊಡನೆಯೂ ಮಾತಿಲ್ಲದೆ ಬೆಳೆದ ಕಿವುಡ ಮಗು ತನ್ನಂತಹ ಹತ್ತು ಮಕ್ಕಳ ನಡುವೆ ಕೈಸನ್ನೆಯ ಭಾಷೆ ಕಲಿತು ಅರಳುವುದನ್ನು ಕಂಡವರು ಅಂತಹ ಶಾಲೆಯನ್ನು ಹಳಿಯಲಾರರು. ನೆರೆಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆಯನ್ನು 2016ರ ಕಾನೂನು ಮಗುವಿಗೇ ಕೊಟ್ಟಿದೆ. ನಾನು ಹೆದರುವುದು ಮೂರನೇ ದಾರಿಗೆ. ಶಿಕ್ಷಣ ಹಕ್ಕು ಕಾನೂನಿಗೆ 2012ರಲ್ಲಿ ಮಾಡಿದ ತಿದ್ದುಪಡಿಯಲ್ಲಿ, ತೀವ್ರ ವೈಕಲ್ಯವುಳ್ಳ ಮಗು ಮನೆಯಲ್ಲೇ ಕಲಿಯುವ ಹಕ್ಕೂ ಇದೆ. ಹಾಸಿಗೆ ಬಿಟ್ಟು ಏಳಲಾರದ ಮಗುವಿಗೆ ಇದು ಬೇಕೇಬೇಕು. ಆದರೆ ರ‍್ಯಾಂಪು ಕಟ್ಟಲು, ಶೌಚಾಲಯಕ್ಕೆ ಹಿಡಿಕೆ ಹಾಕಲು ಬೇಸರಪಟ್ಟವರು ಬರಬಹುದಾದ ಮಗುವನ್ನೂ "ಮನೆ ಆಧಾರಿತ" ಎಂದು ಬರೆದು ಕೈತೊಳೆದುಕೊಂಡರೆ? ಹೆಸರು ಹಾಜರಿಯಲ್ಲಿ, ಮಗು ಮನೆಯ ಮೂಲೆಯಲ್ಲಿ.

ದೂರದ ಒಂದು ಸಂಗತಿ ಹೇಳುತ್ತೇನೆ, ನಮ್ಮ ಕೆಲಸಕ್ಕೆ ಅದರಿಂದ ಉಪಯೋಗವಿದೆ. ಇಟಲಿಯ ಬೆಟ್ಟಸೀಮೆಯಲ್ಲಿ ಬಾರ್ಬಿಯಾನಾ ಎಂಬ ಕೊಂಪೆಯಿದೆ. ಅಲ್ಲಿ ಲೊರೆಂಜೊ ಮಿಲಾನಿ ಎಂಬ ಪಾದ್ರಿ, ಸರ್ಕಾರಿ ಶಾಲೆಗಳು ಫೇಲು ಮಾಡಿ ಕಳಿಸಿದ ರೈತರ ಮಕ್ಕಳನ್ನು ಸೇರಿಸಿಕೊಂಡು ಪಾಠ ಹೇಳುತ್ತಿದ್ದ. ಅವನ ಎಂಟು ಜನ ಹುಡುಗರು ಕೂಡಿ, ತಮ್ಮನ್ನು ಫೇಲು ಮಾಡಿದ ಉಪಾಧ್ಯಾಯಿನಿಗೆ ಬರೆದಂತೆ ಒಂದು ಪುಸ್ತಕ ಬರೆದರು. 1967ರಲ್ಲಿ ಅದು ಅಚ್ಚಾಯಿತು. ನನಗೆ ಹಿಡಿಸಿದ್ದು ಅವರ ಬೈಗುಳವಲ್ಲ, ಅವರ ಲೆಕ್ಕ. ಶಾಲೆಯ ಅಂಕಿಗಳನ್ನು ಕಲೆಹಾಕಿ, ಒಂದನೇ ತರಗತಿಗೆ ಸೇರಿದವರಲ್ಲಿ ಯಾರು ಯಾರು ಎಲ್ಲೆಲ್ಲಿ ಬಿದ್ದರು, ಬಿದ್ದವರ ಅಪ್ಪಂದಿರ ಕಸುಬೇನು ಎಂದು ತಾವೇ ಕೂತು ಎಣಿಸಿ ತೋರಿಸಿದರು. ಅದೇ ಇಟಲಿ 1977ರಲ್ಲಿ ವಿಕಲಚೇತನ ಮಕ್ಕಳ ಪ್ರತ್ಯೇಕ ತರಗತಿಗಳನ್ನು ರದ್ದುಮಾಡಿ, ಎಲ್ಲರ ತರಗತಿಯೊಳಗೇ ಬೆಂಬಲಕ್ಕೆ ಇನ್ನೊಬ್ಬ ಉಪಾಧ್ಯಾಯರನ್ನು ಕೊಡುವ ಕಾನೂನು ಮಾಡಿತು.

ಆ ಹುಡುಗರು ಮಾಡಿದ ಲೆಕ್ಕವನ್ನು ನಾವು ಮಾಡಬಹುದು. ಪ್ರತಿ ಶಾಲೆಯಲ್ಲಿ ದಾಖಲಾತಿ ಪುಸ್ತಕವಿದೆ. ಹತ್ತು ವರ್ಷದ ಹಿಂದೆ ಒಂದನೇ ತರಗತಿಗೆ ಸೇರಿದ ಮಕ್ಕಳ ಪಟ್ಟಿ ಹಿಡಿಯಿರಿ. ಪುಸ್ತಕ ನೋಡಲು ನಮಗೇನು ಅಧಿಕಾರ ಎಂದು ಕೇಳಬೇಡಿ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು ಕಾನೂನೇ ಹೇಳುತ್ತದೆ. ನಿಮ್ಮಲ್ಲಿ ಎಷ್ಟು ಜನ ಆ ಸಮಿತಿಯ ಸಭೆಗೆ ಹೋಗಿದ್ದೀರಿ? ಕೈ ಎತ್ತಿ. ಮೂರು. ಗ್ರಾಮ ಪಂಚಾಯಿತಿಗೆ ನಿಲ್ಲಲು ಕೇಳಿದಾಗ ಇಡೀ ಸಭೆ ಕೈ ಎತ್ತಿತ್ತು. ಇನ್ನೊಂದು ಮಾತು, ಸಿಟ್ಟಾಗಬೇಡಿ: ಒಂದೇ ಬಗೆಯ ಶಾಲೆ ಬೇಕೆಂದು ವೇದಿಕೆಯಲ್ಲಿ ಗುಡುಗುವ ನಮ್ಮವರ ಮಕ್ಕಳು ಹಳದಿ ಬಸ್ಸು ಹತ್ತಿ ಕಾನ್ವೆಂಟಿಗೆ ಹೋಗುವುದನ್ನು ಊರು ನೋಡುತ್ತದೆ. ಮಾತಾಡಬಲ್ಲ ಪೋಷಕರೆಲ್ಲ ಸರ್ಕಾರಿ ಶಾಲೆಯಿಂದ ಎದ್ದುಹೋದರೆ ಅಲ್ಲಿ ಉಳಿಯುವುದು ಮಾತಾಡಲಾರದವರು. ಮಕ್ಕಳು ಕಡಿಮೆ ಎಂದು ಆ ಶಾಲೆಯನ್ನೂ ಮುಚ್ಚಿದರೆ, ಒಂದು ಕಿಲೋಮೀಟರು ಹೇಗೋ ಬರುತ್ತಿದ್ದ ಕುಂಟು ಮಗು ಮೂರು ಕಿಲೋಮೀಟರು ನಡೆಯಬೇಕು.

ಪಟ್ಟಿಯಲ್ಲಿ ಯಾವ ಹೆಸರು ಎಸ್.ಎಸ್.ಎಲ್.ಸಿ.ವರೆಗೆ ಹೋಗಲಿಲ್ಲವೋ ಆ ಮನೆಗೆ ಹೋಗಿ. ಟಿ.ಸಿ. ತೆಗೆದುಕೊಂಡು ಬೇರೆ ಊರಿಗೆ ಹೋಗಿದ್ದರೆ ಅದನ್ನು ಬೇರೆ ಬರೆದುಕೊಳ್ಳಿ. ಏಕೆ ಬಿಟ್ಟೆ ಎಂದು ಮಗುವನ್ನು ಕೇಳಬೇಡಿ, ಅದಕ್ಕೆ ಗೊತ್ತಿರುವುದಿಲ್ಲ; ನಾಚಿಕೆಯಿಂದ ಸುಳ್ಳು ಹೇಳುತ್ತದೆ. ಎಲ್ಲಿ ಕೂರುತ್ತಿದ್ದೆ, ಬೋರ್ಡಿನಲ್ಲಿ ಏನು ಕಾಣುತ್ತಿತ್ತು, ಕಿವಿ ಸೋರುತ್ತಿತ್ತೇ, ಓದಲು ನಿಲ್ಲಿಸಿದಾಗ ಏನಾಗುತ್ತಿತ್ತು, ಮನೆಯಲ್ಲಿ ಯಾರನ್ನು ನೋಡಿಕೊಳ್ಳುತ್ತೀಯೆ ಎಂದು ಕೇಳಿ. ಹಿರಿಯರ ಎದುರಿಗಿಂತ ತೋಟದಲ್ಲಿ, ದನದ ಜೊತೆ ಸಿಕ್ಕಾಗ ಕೇಳಿದರೆ ಹೆಚ್ಚು ಹೇಳುತ್ತವೆ. ಆ ಊರಿನಲ್ಲಿ ಪಟ್ಟಿಗೇ ಬಾರದ ಮಗು ಯಾವುದಾದರೂ ಒಳಗಿನ ಕೋಣೆಯಲ್ಲಿದೆಯೇ ಎಂದು ಅಂಗನವಾಡಿಯವರನ್ನು, ಆಶಾ ಅಕ್ಕಂದಿರನ್ನು ಕೇಳಿ. ಅವರಿಗೆ ಗೊತ್ತಿಲ್ಲದ ಮನೆಯಿಲ್ಲ. ಮೇಷ್ಟರ ಮೇಲೆ ಜಗಳಕ್ಕೆ ಹೋಗಬೇಡಿ. ಐದು ತರಗತಿಗೆ ಇಬ್ಬರೇ ಇದ್ದು, ಗಣತಿ, ಚುನಾವಣೆ, ಮೊಟ್ಟೆಯ ಲೆಕ್ಕ ಎಲ್ಲವನ್ನೂ ಅವರ ತಲೆಗೆ ಕಟ್ಟಿ, ಹಿಂದಿನ ಸಾಲಿನವನ ಕಣ್ಣು ನೋಡಲಿಲ್ಲವೆಂದು ದೂರಿದರೆ ಪ್ರಯೋಜನವಿಲ್ಲ. ನಾನು ನೋಡದಿದ್ದುದಕ್ಕೆ ಆ ನೆಪ ಸಾಲದು. ಆದರೆ ಅವರ ಕಷ್ಟವೂ ಸುಳ್ಳಲ್ಲ.

ಹೀಗೆ ಒಂದು ಹೋಬಳಿಯ ಪಟ್ಟಿ ಕೈಗೆ ಬಂದರೆ, ಅದನ್ನು ಹಿಡಿದು ಬಿ.ಇ.ಒ. ಕಚೇರಿಯ ಮುಂದೆ ಕೂರಬಹುದು: ಇಷ್ಟು ಮಕ್ಕಳು, ಹತ್ತಕ್ಕೊಬ್ಬರಂತೆ ಇಷ್ಟು ವಿಶೇಷ ಉಪಾಧ್ಯಾಯರು, ಇಂತಿಂತಹ ಊರಿಗೆ ಆಯಾ, ಇಂತಿಂತಹ ಹಳ್ಳಕ್ಕೆ ಸಂಕ, ತಾಲ್ಲೂಕು ಆಸ್ಪತ್ರೆಯಲ್ಲೇ ತಿಂಗಳಿಗೊಂದು ದಿನ ಪ್ರಮಾಣಪತ್ರದ ಶಿಬಿರ. 2013ರಲ್ಲಿ ಕರ್ನಾಟಕದ ಹೈಕೋರ್ಟು ಒಂದು ಪತ್ರಿಕಾ ವರದಿಯನ್ನೇ ಅರ್ಜಿಯೆಂದು ಪರಿಗಣಿಸಿ, ಶಾಲೆಯ ಹೊರಗಿರುವ ಮಕ್ಕಳ ವಿಚಾರಣೆಗೆ ತೊಡಗಿತು. ನಮ್ಮ ಪಟ್ಟಿ ಪತ್ರಿಕಾ ವರದಿಗಿಂತ ಗಟ್ಟಿಯಾಗಿರುತ್ತದೆ, ಏಕೆಂದರೆ ಅದರಲ್ಲಿ ಪ್ರತಿಯೊಂದು ಮಗುವಿನ ಕಾರಣವಿರುತ್ತದೆ. ಹೆಸರುಗಳನ್ನು ಮಾತ್ರ ನಮ್ಮಲ್ಲೇ ಇಟ್ಟುಕೊಳ್ಳಬೇಕು, ಪತ್ರಿಕೆಗೆ ಕೊಡಬಾರದು. ದಡ್ಡನೆಂದು ಒಮ್ಮೆ ಎಲ್ಲರೆದುರು ಅನಿಸಿಕೊಂಡ ಮಗುವಿಗೆ ಅದು ಸಾಕು.

ಕೆಲಸವನ್ನು ಹೋಬಳಿಗಳ ಪ್ರಕಾರ ಹಂಚಿಕೊಳ್ಳೋಣ. ಬಾಗಿಲ ಹತ್ತಿರ ಒಂದು ಪುಸ್ತಕ ಇಟ್ಟಿದ್ದೇನೆ. ಹೋಗುವಾಗ ನಿಮ್ಮ ಹೆಸರು, ಊರು, ಯಾವ ಶಾಲೆಯನ್ನು ವಹಿಸಿಕೊಳ್ಳುತ್ತೀರಿ ಎಂದು ಬರೆದುಹೋಗಿ. ಶನಿವಾರ ಬೆಳಗಿನ ಶಾಲೆ, ಹನ್ನೊಂದೂವರೆಯ ಮೇಲೆ ಮೇಷ್ಟರಿಗೆ ಕೊಂಚ ಬಿಡುವಿರುತ್ತದೆ, ಆಗ ಹೋಗಿ. ಅಡಿಕೆ ಕೊಯ್ಲು ಶುರುವಾಗುವ ಮೊದಲು ಮುಗಿಯಬೇಕು, ಆಮೇಲೆ ಮನೆಗಳಲ್ಲಿ ಯಾರೂ ಸಿಗುವುದಿಲ್ಲ. ನಾನು ಪಾಠ ಹೇಳುತ್ತಿದ್ದ ಊರಿನ ಶಾಲೆಯ ಮುಂದೆ ನನ್ನ ಹೆಸರನ್ನು ಆಗಲೇ ಬರೆದಿದ್ದೇನೆ.